ಕಲ್ಯಾಣದ ಕಾಯಕದ ಹೆಣ್ಣುಮಕ್ಕಳು

ಸ್ತ್ರೀಸ್ವಾತಂತ್ರ್ಯವೆಂಬುದು ಪಶ್ಚಿಮದಿಂದ ಹಡಗು ಹತ್ತಿ ಬಂದ ಸರಕೆಂದು ವಾದಿಸುವ ಮಹನೀಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅಂಥವರು ಒಮ್ಮೆ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಹೋಗಿಬರುವುದು ಒಳಿತು. ಅಲ್ಲಿ ಹಳೆಯ ಕೋಟೆಯಿದೆ, ತ್ರಿಪುರಾಂತಕ ಕೆರೆಯಿದೆ, 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆಯಿದೆ. ಅವರ ಸೋದರಿ ಅಕ್ಕನಾಗಮ್ಮನ ಹೆಸರಿನ ಗವಿಯೂ ಒಂದಿದೆ. ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿಯಾಗಿದ್ದ ಈ ಊರಿನಲ್ಲಿ, ಸುಮಾರು ಎಂಟುನೂರೈವತ್ತು ವರ್ಷಗಳ ಹಿಂದೆ, ಹೆಂಗಸರು ತಲೆಯೆತ್ತಿ ಮಾತನಾಡಿದರು. ಅದರಲ್ಲಿಯೂ ದುಡಿದು ತಿನ್ನುವ ಹೆಂಗಸರು ಮಾತನಾಡಿದರು. ಅವರ ಮಾತಿನಲ್ಲಿ ಒಂದಷ್ಟು ನಮ್ಮ ಕೈಗೆ ಬಂದು ಸೇರಿದೆ.

ಅಕ್ಕಮಹಾದೇವಿಯ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಆದುದರಿಂದಲೇ ಇಲ್ಲಿ ಆಕೆಯ ಚರಿತ್ರೆಯನ್ನು ವಿಸ್ತರಿಸುವುದಿಲ್ಲ. ಅರಮನೆಯನ್ನು ತೊರೆದು ಬಂದವಳ ಕಥೆ ಎಂಥವರ ಮನಸ್ಸನ್ನೂ ಸೆಳೆಯುತ್ತದೆ. ತೊರೆಯುವುದಕ್ಕೆ ಅರಮನೆಯೇ ಇಲ್ಲದವರ ಕಥೆಗೆ ಆ ಭಾಗ್ಯವಿಲ್ಲ.

ಆಯ್ದಕ್ಕಿ ಲಕ್ಕಮ್ಮನನ್ನೇ ನೋಡಿ. ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಗಂಡ ಮಾರಯ್ಯನೊಡನೆ ಕಲ್ಯಾಣಕ್ಕೆ ಬಂದವಳು ಆಕೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಬೇಯಿಸಿ ಜಂಗಮರಿಗೆ ನೀಡಿ ತಾವು ಉಣ್ಣುವುದು ದಂಪತಿಗಳ ನೇಮ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಹೊತ್ತು ತಂದ. ಬಸವಣ್ಣನವರೇ ಬೇಕೆಂದು ಹೆಚ್ಚು ಚೆಲ್ಲಿಸಿದ್ದರೆಂದು ಹೇಳುವವರುಂಟು. ಬೇರೆ ಮನೆಯ ಗೃಹಿಣಿಯಾಗಿದ್ದರೆ ಹಿಗ್ಗುತ್ತಿದ್ದಳೇನೋ! ಲಕ್ಕಮ್ಮ ಮಾತ್ರ ಅಕ್ಕಿಯನ್ನು ಕಣ್ಣಳತೆಯಲ್ಲಿಯೇ ತೂಗಿ, ಈ ದುರಾಸೆ ನಮಗೆ ತಕ್ಕುದಲ್ಲವೆಂದು ಗಂಡನನ್ನು ಗದರಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳು. ಇನ್ನೊಮ್ಮೆ ಆತ ಶರಣರ ಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕ ನಿಂತುಹೋಗಿದೆ, ಎದ್ದು ನಡೆಯಿರೆಂದು ಎಚ್ಚರಿಸಿದವಳೂ ಆಕೆಯೇ.

ಈ ಪ್ರಸಂಗವನ್ನು ಹೇಳುವ ಶೂನ್ಯಸಂಪಾದನೆ 15ನೆಯ ಶತಮಾನದ ಸಂಕಲನ. ಕಥೆಗೆ ರೂಪ ಕೊಟ್ಟವರು ಆ ಕಾಲದ ಸಂಪಾದಕರು. ಆದರೆ ಲಕ್ಕಮ್ಮನ ಹೆಸರಿನಲ್ಲಿ ಇಪ್ಪತ್ತೈದರಷ್ಟು ವಚನಗಳು ಬೇರೆಯಾಗಿ ದೊರೆತಿವೆ. ಅವುಗಳಲ್ಲಿಯೂ ಅದೇ ಕಟುವಾದ, ನೇರವಾದ ದನಿ. ಗಂಡನೇ ಗುರುವೆಂದು ಬಗೆದಿದ್ದ ಸಮಾಜದಲ್ಲಿ ಹೆಂಡತಿ ಗಂಡನಿಗೆ ಗುರುವಾದಳೆಂದು ಹಲವರು ಮೆಚ್ಚಿ ಬರೆದಿದ್ದಾರೆ. ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೊಂದು ಸಂಗತಿ. ಆಕೆ ಹಿಂತಿರುಗಿಸಿದ್ದು ರಾಜ್ಯದ ಭಂಡಾರಿಯ ಮನೆಯ ಔದಾರ್ಯವನ್ನು! ಕಾಯಕದಿಂದ ಬಂದದ್ದು ಇಷ್ಟು, ಇದರಾಚೆಗಿನದು ದಾನ, ದಾನ ಬೇಡ. ಕೈಯಾರೆ ದುಡಿದವಳು ಮಾತ್ರ ಹೀಗೆ ಹೇಳಬಲ್ಲಳು.

ಲಕ್ಕಮ್ಮ ಒಬ್ಬಳೇ ಅಲ್ಲ. ಕದಿರ ರೆಮ್ಮವ್ವೆ ನೂಲುವವಳು. ನಾಲ್ಕು ವಚನಗಳು ಉಳಿದಿವೆ, ರಾಟೆಯ ಬಿಡಿಭಾಗಗಳಲ್ಲಿಯೇ ತ್ರಿಮೂರ್ತಿಗಳನ್ನು ಕಂಡವಳು. ಕೊಟ್ಟಣದ ಸೋಮವ್ವೆ ಭತ್ತ ಕುಟ್ಟುವವಳು. ಗೊಗ್ಗವ್ವೆ ಮದುವೆಯನ್ನೇ ಒಲ್ಲೆನೆಂದವಳು. ಹೆಣ್ಣು ಗಂಡೆಂಬುದು ಮೈಯ ಗುರುತೇ ಹೊರತು ಒಳಗಿನ ಅರಿವಿಗೆ ಆ ಭೇದವಿಲ್ಲವೆಂಬುದು ಆಕೆಯ ನಿಲುವು. ಉರಿಲಿಂಗಪೆದ್ದಿಯ ಮಡದಿ ಕಾಳವ್ವೆ ಅಸ್ಪೃಶ್ಯ ಕುಲದವಳು. ಕುರಿಕೋಳಿಗಳನ್ನು ತಿನ್ನುವವರು ಕುಲಜರು, ದನವನ್ನು ತಿನ್ನುವವರು ಕೀಳು ಎಂಬ ಲೆಕ್ಕ ಯಾವ ನ್ಯಾಯದ್ದೆಂದು ಆಕೆ ಕೇಳಿದ ಪ್ರಶ್ನೆಗೆ ಇಂದಿಗೂ ನೆಟ್ಟಗೆ ಉತ್ತರ ಕೊಡಬಲ್ಲವರು ಕಡಿಮೆ. ಇನ್ನು ಸೂಳೆ ಸಂಕವ್ವೆ. ದೊರೆತದ್ದು ಒಂದೇ ವಚನ, ಅಂಕಿತ ನಿರ್ಲಜ್ಜೇಶ್ವರ. ಊರವರು ತನ್ನ ಮೇಲೆ ಹೊರಿಸಬಹುದಾಗಿದ್ದ ಮಾತನ್ನು ತಾನೇ ಎತ್ತಿಕೊಂಡು ದೇವರ ಹೆಸರಿಗೆ ಜೋಡಿಸಿದ ಧೈರ್ಯ ಸಾಮಾನ್ಯವೇ? ಒಬ್ಬನಿಂದ ಒತ್ತೆ ಹಿಡಿದು ಮತ್ತೊಬ್ಬನಿಂದ ಹಿಡಿಯೆನೆಂಬ ತನ್ನ ವೃತ್ತಿಯ ನಿಯಮವನ್ನೇ ಆಕೆ ವ್ರತನಿಷ್ಠೆಗೆ ಉಪಮೆ ಮಾಡಿದಳು.

1167ರ ಸುಮಾರಿಗೆ ಬಿಜ್ಜಳನ ಕೊಲೆಯಾಯಿತು, ಕಲ್ಯಾಣ ಹೊತ್ತಿ ಉರಿಯಿತು. ಶರಣರು ದಿಕ್ಕುಪಾಲಾದರು. ಅಕ್ಕನಾಗಮ್ಮ ಮಗ ಚೆನ್ನಬಸವಣ್ಣನೊಡನೆ ಉಳವಿಯತ್ತ ನಡೆದಳೆಂದು ಸಂಪ್ರದಾಯ ಹೇಳುತ್ತದೆ. ಮುಂದಿನ ಶತಮಾನಗಳಲ್ಲಿ ಈ ಹೆಣ್ಣುಮಕ್ಕಳ ಮಾತು ತಾಳೆಗರಿಗಳ ಕಟ್ಟಿನೊಳಗೆ ಸೇರಿತು. ಅಲ್ಲಿಯೂ ಎಷ್ಟೋ ಮಂದಿಗೆ ಸ್ವಂತ ಹೆಸರಿಗಿಂತ ಮೊದಲು ಗಂಡನ ಹೆಸರು: ಇಂಥವರ ಪುಣ್ಯಸ್ತ್ರೀ, ಇಂಥವಳು. ತೂಕ ಹಿಡಿದು ಗಂಡನಿಗೆ ಲೆಕ್ಕ ಹೇಳಿದವಳು ಮತ್ತೆ ಗಂಡನ ನೆರಳಿಗೇ ಬಂದು ನಿಂತಳು.

ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಮೇಲೆಯೇ ಸಾಮಾನ್ಯ ಓದುಗರಿಗೆ ವಚನಗಳ ದಾರಿ ತೆರೆಯಿತು. 1993ರಲ್ಲಿ ಕರ್ನಾಟಕ ಸರ್ಕಾರ ಹೊರತಂದ ವಚನ ಸಂಪುಟಗಳ ಮಾಲೆಯಲ್ಲಿ ಶರಣೆಯರಿಗೆಂದೇ ಒಂದು ಸಂಪುಟ ಮೀಸಲಾಯಿತು. ಮೂವತ್ತಕ್ಕೂ ಮಿಕ್ಕಿದ ವಚನಕಾರ್ತಿಯರು ಅದರಲ್ಲಿದ್ದಾರೆ. ನಡುವೆ 1970ರಲ್ಲಿ ಧಾರವಾಡದಲ್ಲಿ ಮಾತೆ ಮಹಾದೇವಿಯವರು ಜಗದ್ಗುರು ಪೀಠವನ್ನೇರಿದಾಗ, ಹೆಣ್ಣಿಗೆ ಆ ಪೀಠ ಸಲ್ಲುವುದೇ ಎಂಬ ಚರ್ಚೆ ಎದ್ದಿತ್ತು. ವಚನಗಳನ್ನು ನಿತ್ಯವೂ ಪಠಿಸುವ ನಾಡಿನಲ್ಲಿ ಈ ಚರ್ಚೆ!

ಇಷ್ಟೆಲ್ಲವೂ ಓದುಬರಹ ಬಲ್ಲವರ ಸಂಗತಿಯಾಯಿತು. ಕಲ್ಯಾಣದ ಸುತ್ತಣ ಹೊಲಗಳಲ್ಲಿ ಕಳೆ ಕೀಳುವ ಕೂಲಿಯ ಹೆಣ್ಣಿನ ಪಾಡೇನು? ಈ ಪ್ರಶ್ನೆಯನ್ನು ಸರ್ಕಾರವೇ ಒಂದು ಬಾರಿ ಕೇಳಿದ್ದುಂಟು. 1989ರಲ್ಲಿ ಮಹಿಳಾ ಸಮಾಖ್ಯಾ ಎಂಬ ಕಾರ್ಯಕ್ರಮ ಕರ್ನಾಟಕದಲ್ಲಿ ಮೊದಲು ಕಾಲಿಟ್ಟ ಮೂರು ಜಿಲ್ಲೆಗಳಲ್ಲಿ ಬೀದರ್ ಒಂದು. ಉಳಿದೆರಡು ವಿಜಾಪುರ, ಮೈಸೂರು. ಹಣವನ್ನಾಗಲಿ ಹೊಲಿಗೆಯಂತ್ರವನ್ನಾಗಲಿ ಹಂಚುವ ಯೋಜನೆ ಇದಲ್ಲ. ಸುಮಾರು ಹತ್ತು ಹಳ್ಳಿಗಳಿಗೆ ಒಬ್ಬ ಸಹಯೋಗಿನಿ. ಆಕೆ ಹೋಗಿ ದಲಿತ, ಭೂಹೀನ ಹೆಂಗಸರನ್ನು ಕೂಡಿಸಿ ಕುಳ್ಳಿರಿಸುವುದು, ಅವರೇ ಮಾತನಾಡುವುದು, ಏನು ಮಾಡಬೇಕೆಂದು ಅವರೇ ನಿರ್ಧರಿಸುವುದು. ಹಗಲೆಲ್ಲ ದುಡಿತವಾದುದರಿಂದ ಸಭೆ ಹೆಚ್ಚಾಗಿ ರಾತ್ರಿ. ಕೊಡುವುದಕ್ಕೆ ಏನೂ ಇಲ್ಲದವರು ಏಕೆ ಬಂದಿದ್ದೀರೆಂಬ ಸಂಶಯ ಮೊದಮೊದಲಿಗೆ ಸಹಜವೇ. ಬರಬರುತ್ತ ಕೂಲಿ, ಕುಡಿಯುವ ನೀರು, ಬಾಲ್ಯವಿವಾಹ, ಮನೆಯೊಳಗಿನ ಹೊಡೆತ, ಎಲ್ಲವೂ ಸಂಘದ ಮುಂದೆ ಬಂದವು. ಕೂಡುವುದಕ್ಕೆ ಸ್ವಂತದ್ದೊಂದು ಸಂಘಮನೆ ಬೇಕೆಂದು ಹೆಂಗಸರು ನಿವೇಶನಕ್ಕಾಗಿ ಕಚೇರಿಗಳನ್ನು ಅಲೆದರು.

ಪಂಚಾಯಿತಿಯ ಬಾಗಿಲೂ ಆ ವೇಳೆಗೆ ತೆರೆದಿತ್ತು. 1987ರ ಚುನಾವಣೆಯಲ್ಲಿ ಕರ್ನಾಟಕವು ಸ್ತ್ರೀಯರಿಗೆ ಶೇಕಡಾ 25 ಸ್ಥಾನಗಳನ್ನು ಕಾದಿರಿಸಿತ್ತು. 1993ರಲ್ಲಿ ಸಂವಿಧಾನದ ತಿದ್ದುಪಡಿ ಅದನ್ನು ಮೂರನೆಯ ಒಂದು ಭಾಗಕ್ಕೆ ಏರಿಸಿತು. 2010ರಲ್ಲಿ ರಾಜ್ಯ ಅರ್ಧಕ್ಕೆ ತಂದಿತು. ಸಂಘಗಳಲ್ಲಿ ಬಾಯಿ ಬಿಚ್ಚುವುದನ್ನು ಕಲಿತವರು ಚುನಾವಣೆಗೂ ನಿಂತರು. ಪತ್ನಿ ಅಧ್ಯಕ್ಷೆ, ಕುರ್ಚಿಯಲ್ಲಿ ಪತಿ ಎಂಬ ದೃಶ್ಯ ನಮಗೆಲ್ಲ ಪರಿಚಿತವಾದದ್ದೇ. ಪತಿಯನ್ನು ಹೊರಗೆ ಕಳುಹಿಸಿ ತಾವೇ ಕುಳಿತವರೂ ಉಂಟೆಂಬುದನ್ನು ಅಷ್ಟು ಮಂದಿ ಹೇಳುವುದಿಲ್ಲ.

ಲಕ್ಕಮ್ಮನಿಗೂ ಈ ಸಂಘಗಳಿಗೂ ಮುರಿಯದ ಸರಪಳಿಯಿದೆ ಎಂದರೆ ಅದು ಸುಳ್ಳಾದೀತು. ನಡುವಣ ಎಂಟು ಶತಮಾನಗಳು ಬಹುಮಟ್ಟಿಗೆ ಮೌನದವು. ಮಹಿಳಾ ಸಮಾಖ್ಯಾಕ್ಕೆ ಕೇಂದ್ರದ ನೆರವು 2016ರಲ್ಲಿ ನಿಂತಿತು. ಸಹಯೋಗಿನಿಯರಿಗೆ ಸಂಬಳವಿಲ್ಲವಾಯಿತು. ಸಂಘದಲ್ಲಿ ಕುಳಿತು ಕೂಲಿಯ ಲೆಕ್ಕ ಕೇಳಲು ಕಲಿತ ಹೆಂಗಸರು ಮಾತ್ರ ಆ ಹಳ್ಳಿಗಳಲ್ಲಿಯೇ ಇದ್ದಾರೆ.