ಶಾಲೆ ಬಿಟ್ಟವರ ಲೆಕ್ಕ

ಶಾಲೆಗೆ ಸೇರಿದವರಲ್ಲಿ ಎಷ್ಟು ಮಂದಿ ವ್ಯಾಸಂಗವನ್ನು ಪೂರೈಸಿದರು, ಎಷ್ಟು ಮಂದಿ ನಡುವೆಯೇ ಬಿಟ್ಟರು? ಕೂಡಿ ಕಳೆಯಲು ಬಲ್ಲವರು ಯಾರಾದರೂ ಹೇಳಬಹುದಾದ ಲೆಕ್ಕವಿದೆಂದು ನಾವು ಭಾವಿಸುತ್ತೇವೆ. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನಗಳ ಸರ್ಕಾರಿ ಶಾಲೆಗಳಲ್ಲಿ ಈ ಪ್ರಶ್ನೆಗೆ ಬಗೆಬಗೆಯ ಉತ್ತರಗಳು ದೊರೆಯುತ್ತವೆ.

ಮೊದಲನೆಯದು ವಾರ್ಷಿಕ ಪ್ರಮಾಣ: ಒಂದು ವರ್ಷದಲ್ಲಿ ನೂರಕ್ಕೆ ಎಷ್ಟು ಮಂದಿ ಶಾಲೆ ಬಿಟ್ಟರೆಂಬುದು. ಇದು ಚಿಕ್ಕದಾಗಿ ಕಾಣುತ್ತದೆ. ಆದರೆ ವರ್ಷಕ್ಕೆ ಶೇಕಡ 5ರಂತೆ ಬಿಡುತ್ತ ಹೋದರೆ, ಪ್ರೌಢಶಾಲೆಯ ನಾಲ್ಕು ವರ್ಷಗಳು ಮುಗಿಯುವ ವೇಳೆಗೆ ನೂರರಲ್ಲಿ ಸುಮಾರು 19 ಮಂದಿ ಇಲ್ಲವಾಗಿರುತ್ತಾರೆ.

ಎರಡನೆಯದು ವಯಸ್ಸನ್ನು ಹಿಡಿದ ಪ್ರಮಾಣ. 16ರಿಂದ 24 ವರ್ಷದವರಲ್ಲಿ ಶಾಲೆಯಲ್ಲಿಯೂ ಇಲ್ಲದ, ಪ್ರೌಢಶಾಲೆಯ ಅರ್ಹತಾಪತ್ರವನ್ನೂ ಪಡೆಯದ ಭಾಗವನ್ನು ಇದು ತಿಳಿಸುತ್ತದೆ. 2022ರಲ್ಲಿ ಇದು ಶೇಕಡ 5.3 ಆಗಿದ್ದಿತು. ಶಾಲೆ ಬಿಟ್ಟು, ಅನಂತರ ಸಮಾನ ಅರ್ಹತೆಯ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಇಲ್ಲಿ ಬಿಟ್ಟವರೆನಿಸುವುದಿಲ್ಲ.

ಮೂರನೆಯದು ತಂಡದ ಪ್ರಮಾಣ. ಒಂಬತ್ತನೆಯ ತರಗತಿಗೆ ಮೊದಲ ಬಾರಿಗೆ ಸೇರಿದವರನ್ನು ಒಂದು ತಂಡವೆಂದು ಹಿಡಿದು, ನಾಲ್ಕು ವರ್ಷಗಳಲ್ಲಿ ಶಾಲೆಯ ಪದವಿಪತ್ರವನ್ನು ಪಡೆದವರೆಷ್ಟೆಂದು ನೋಡುವುದೇ ಇದರ ಕ್ರಮ. ಒಂದು ಕಲ್ಪಿತ ಶಾಲೆಯನ್ನು ತೆಗೆದುಕೊಳ್ಳೋಣ. ಸೇರಿದವರು 200; ಬೇರೆಡೆಯಿಂದ ಬಂದವರು 20; ಬೇರೆ ಶಾಲೆಗೆ ಹೋದವರು 28; ಮೃತರಾದವರು 2. ಉಳಿದ ತಂಡ 190. ಅವರಲ್ಲಿ 152 ಮಂದಿ ಪದವಿಪತ್ರ ಪಡೆದರೆ ಪ್ರಮಾಣ ಶೇಕಡ 80. ಹಾಗೆಂದು ಮಿಕ್ಕ 38 ಮಂದಿಯೂ ಶಾಲೆ ಬಿಟ್ಟವರೇ ಎನ್ನುವಂತಿಲ್ಲ. ಐದನೆಯ ವರ್ಷ ಓದುತ್ತಿರುವವರೂ, ಸಮಾನ ಅರ್ಹತೆಯ ಪರೀಕ್ಷೆಯನ್ನು ಮುಗಿಸಿದವರೂ ಅವರಲ್ಲಿರಬಹುದು.

ಈಗ ಈ 38 ಮಂದಿಯಲ್ಲಿ 18 ಮಂದಿ ನಿಜವಾಗಿ ಶಾಲೆ ಬಿಟ್ಟವರೆಂದು ಇಟ್ಟುಕೊಳ್ಳೋಣ. ದಾಖಲೆಯಲ್ಲಿ ಅವರನ್ನು 'ಬೇರೆ ಊರಿಗೆ ಹೋದರು' ಎಂದು ಬರೆದುಬಿಟ್ಟರೆ ತಂಡ 172ಕ್ಕೆ ಇಳಿಯುತ್ತದೆ. ಪ್ರಮಾಣ ಶೇಕಡ 88ಕ್ಕೆ ಏರುತ್ತದೆ. ಹೊಸದಾಗಿ ಒಬ್ಬನಾದರೂ ಓದು ಮುಗಿಸಲಿಲ್ಲ; ಛೇದ ಕುಗ್ಗಿತು, ಅಷ್ಟೆ!

ಇದು ಬರಿಯ ಊಹೆಯಲ್ಲ. ಟೆಕ್ಸಾಸಿನ ಹ್ಯೂಸ್ಟನ್ ನಗರದ ಶಾಲೆಗಳಲ್ಲಿ ಶಾಲೆ ಬಿಟ್ಟವರು ಶೇಕಡ 1.5 ಮಾತ್ರವೆಂದು ವರದಿಯಾಗಿದ್ದಿತು. 2003ರಲ್ಲಿ ರಾಜ್ಯದ ಅಧಿಕಾರಿಗಳು ಅಲ್ಲಿನ 16 ಶಾಲೆಗಳಿಂದ ಹೊರಟುಹೋದ ಸುಮಾರು 5,500 ವಿದ್ಯಾರ್ಥಿಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಅವರಲ್ಲಿ ಸುಮಾರು 3,000 ಮಂದಿಯನ್ನು ಶಾಲೆ ಬಿಟ್ಟವರೆಂದೇ ಎಣಿಸಬೇಕಾಗಿದ್ದಿತೆಂದು ತಿಳಿದುಬಂದಿತು.

ರಾಜ್ಯಕ್ಕೊಂದು ಕ್ರಮವಿದ್ದುದನ್ನು ನಿಲ್ಲಿಸಲು 2005ರಲ್ಲಿ ಐವತ್ತು ರಾಜ್ಯಗಳ ಗವರ್ನರುಗಳೂ ಒಪ್ಪಿದರು. 2008ರಲ್ಲಿ ಕೇಂದ್ರ ಸರ್ಕಾರವು ತಂಡದ ಪ್ರಮಾಣವನ್ನು ನಿಯಮವಾಗಿ ವಿಧಿಸಿತು. ವಿದ್ಯಾರ್ಥಿಯು ಬೇರೆ ಶಾಲೆಗೆ ಸೇರಿದನೆಂಬುದಕ್ಕೆ ಲಿಖಿತ ಆಧಾರವಿಲ್ಲದೆ ಅವನ ಹೆಸರನ್ನು ತಂಡದಿಂದ ತೆಗೆಯುವಂತಿಲ್ಲ. ಈ ಕ್ರಮದಂತೆ 2010-11ರಲ್ಲಿ ದೇಶದ ಪ್ರಮಾಣ ಶೇಕಡ 79. 2019-20ರಲ್ಲಿ ಶೇಕಡ 87.

ಆದುದರಿಂದ ಶೇಕಡಾವಾರು ಅಂಕಿಯೊಂದು ಕಣ್ಣಿಗೆ ಬಿದ್ದಾಗ, ಅದು ಯಾರ ಪೈಕಿ, ಎಷ್ಟು ಕಾಲದಲ್ಲಿ, ಯಾರನ್ನು ಬಿಟ್ಟು ಎಂಬ ಮೂರು ಪ್ರಶ್ನೆಗಳನ್ನು ನಾವು ಕೇಳಬೇಕು. ಶಾಲೆ ಬಿಟ್ಟ ಹುಡುಗನನ್ನು ಹುಡುಕಿ ಮರಳಿ ಕರೆತರಬಹುದು. ಲೆಕ್ಕದಿಂದಲೇ ಬಿಟ್ಟುಹೋದವನನ್ನು ಹುಡುಕುವವರು ಯಾರು?