ನಿಮಗಿದು ಗೊತ್ತೆ? ಗಂಜಾಂ ಕಾಫಿಗೂ ಕಾರ್ಡ್ ಪಾಯಿಂಟ್!

ಕ್ರೆಡಿಟ್ ಕಾರ್ಡ್ ಪಾಯಿಂಟ್ ಸಿಗಲು ದೊಡ್ಡ ಕಾಫಿ ಚೈನ್‌ಗೇ ಹೋಗಬೇಕೆಂದಿಲ್ಲ. 2022ರ ಸೆಪ್ಟೆಂಬರ್‌ನಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐ ಆ್ಯಪ್‌ಗೆ ಜೋಡಿಸಬಹುದು. ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ನಿಮಿಷಾಂಬ ದೇವಿಯ ದರ್ಶನ ಮುಗಿಸಿ ಕುಡಿಯುವ ಲೋಟ ಕಾಫಿಗೂ ಅದರಿಂದಲೇ ಸ್ಕ್ಯಾನ್ ಮಾಡಿ ದುಡ್ಡು ಕೊಡಬಹುದು. ಆದರೆ ಅಂಗಡಿಯವರದು ವ್ಯಾಪಾರಿ ಕ್ಯೂಆರ್ ಆಗಿರಬೇಕು. ಸ್ವಂತ ಖಾತೆಯ ಕ್ಯೂಆರ್‌ಗೆ ಕ್ರೆಡಿಟ್ ಕಾರ್ಡ್ ನಡೆಯದು. 2,000 ರೂಪಾಯಿವರೆಗೆ ಸಣ್ಣ ವ್ಯಾಪಾರಿಗೆ ಶುಲ್ಕವಿಲ್ಲ, ಹಾಗಾಗಿ ಅವರು ಮುಖ ಸಿಂಡರಿಸಬೇಕಿಲ್ಲ.

ಚೈನ್‌ಗಳಲ್ಲಿ ಬಿಲ್‌ಗೆ ಅವರ ಆ್ಯಪ್‌ನ ಪಾಯಿಂಟ್, ಪಾವತಿಗೆ ಬ್ಯಾಂಕಿನದು, ಎರಡೂ ಸಿಗುತ್ತವೆ. ಆ್ಯಪ್‌ಗೆ ಮೊದಲೇ ದುಡ್ಡು ತುಂಬಿಸಿದಿರೋ, ಕೆಲವು ಬ್ಯಾಂಕ್‌ಗಳು ಅದನ್ನು ವ್ಯಾಲೆಟ್ ಲೆಕ್ಕಕ್ಕೆ ಹಾಕಿ ಪಾಯಿಂಟ್ ಕೊಡುವುದಿಲ್ಲ. ಬಾಕಿ ಉಳಿಸಿಕೊಂಡರಂತೂ ಹಲವು ಕಾರ್ಡ್‌ಗಳಲ್ಲಿ ತಿಂಗಳಿಗೆ ಶೇ 3ಕ್ಕೂ ಮೇಲೆ ಬಡ್ಡಿ ಬೀಳುತ್ತದೆ.