ಎರೆ ನೆಲದ ಅತಿಥಿ, ಕಡಲ ನಡುವಿನ ಕಲ್ಲು

ಔರಾದ, ನಿಲಂಗಾ, ಉಮರ್ಗಾ ಕಡೆಯ ಕನ್ನಡ ಶಾಲೆಗಳ ಮಕ್ಕಳಲ್ಲಿ ಹಲವರಿಗೆ ಕಡಲೆಂಬುದು ಪಾಠಪುಸ್ತಕದ ಚಿತ್ರ ಮಾತ್ರ. ಈ ಭಾಗದ ಕುಟುಂಬವೊಂದು ಉಡುಪಿಯ ಸ್ನೇಹಿತರ ಮನೆಗೆ ಹೋದರೆ, ಆತಿಥೇಯರು ಒಂದು ದಿನ ಕೃಷ್ಣಮಠವನ್ನು ತೋರಿಸಿ ಮರುದಿನ ಮಲ್ಪೆಗೆ ಕರೆದೊಯ್ಯುವರು. ಅಲ್ಲಿಂದ ದೋಣಿಯಲ್ಲಿ ಸುಮಾರು ಅರ್ಧ ಗಂಟೆ ಸಾಗಿದರೆ ಸೇಂಟ್ ಮೇರೀಸ್ ದ್ವೀಪ. ಸ್ಥಳೀಯರ ಬಾಯಲ್ಲಿ ತೋನ್ಸೆಪಾರ್. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದು ಈ ಹೆಸರಿಟ್ಟನೆಂಬುದು ಪ್ರತೀತಿ. ಹೆಸರಿಟ್ಟವರು ಯಾರಾದರೇನು, ಕಲ್ಲು ಅವನಿಗಿಂತ ಬಹಳ ಹಿರಿಯದು.

ದ್ವೀಪ ಚಿಕ್ಕದು. ತೆಂಗಿನ ಮರಗಳನ್ನು ದಾಟಿದರೆ ಕಲ್ಲಿನ ಕಂಬಗಳು ಎದುರಾಗುವವು. ಐದು ಮುಖ, ಆರು ಮುಖ, ಕೆಲವಕ್ಕೆ ಏಳು; ಯಾವ ಶಿಲ್ಪಿಯ ಉಳಿಯೂ ಇವನ್ನು ಮುಟ್ಟಿಲ್ಲ. ಆತಿಥೇಯನು ಇದನ್ನು ಪ್ರಕೃತಿಯ ವಿಚಿತ್ರವೆಂದು ಹೇಳಿ ಸುಮ್ಮನಾಗುವುದುಂಟು. ಆದರೆ ಇದರ ಅರ್ಥ ಬೇಗ ಹೊಳೆಯುವುದು ಮರಾಠವಾಡದಿಂದ ಬಂದ ಅತಿಥಿಗೆ. ಬೇಸಗೆಯಲ್ಲಿ ಎರೆ ಹೊಲ ಒಣಗಿ, ಕುಗ್ಗಿ, ಐದಾರು ಮೂಲೆಗಳ ಹೆಂಟೆಗಳಾಗಿ ಬಿರಿಯುವುದನ್ನು ಆತ ವರ್ಷವರ್ಷವೂ ಕಂಡಿರುವನು. ಇಲ್ಲಿಯೂ ಆದದ್ದು ಅದೇ: ಉಕ್ಕಿ ಬಂದ ಲಾವಾರಸ ತಣಿಯುತ್ತ ಕುಗ್ಗಿತು, ಬಿರುಕು ಮೇಲಿನಿಂದ ಆಳಕ್ಕೆ ಇಳಿಯಿತು, ಬಿರುಕುಗಳ ನಡುವೆ ಉಳಿದದ್ದೇ ಕಂಬವಾಯಿತು.

ಆ ಲಾವಾಕ್ಕೆ ಸುಮಾರು 8.8 ಕೋಟಿ ವರ್ಷ. ಭಾರತವೂ ಮಡಗಾಸ್ಕರವೂ ಒಂದನ್ನೊಂದು ಅಗಲಿದ ಕಾಲದ ಗುರುತೆಂದು ವಿಜ್ಞಾನಿಗಳು ಇದನ್ನು ಓದುತ್ತಾರೆ. ಔರಾದದ ಬಾವಿಗಳಲ್ಲಿ ಕಾಣುವ ಕರಿಗಲ್ಲು ದಖ್ಖನ್ ಲಾವಾದ್ದು, ಸುಮಾರು 6.6 ಕೋಟಿ ವರ್ಷದ್ದು. ಎರೆ ಮಣ್ಣು ಆ ಕಲ್ಲು ಸವೆದು ಆದದ್ದು. ಎರಡೂ ಬೆಂಕಿಯಿಂದ ಹುಟ್ಟಿದ ಕಲ್ಲುಗಳೇ, ಆದರೆ ದ್ವೀಪದ್ದು ಎರಡು ಕೋಟಿ ವರ್ಷಕ್ಕೂ ಹಿರಿಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಆದ್ದರಿಂದ ನೆನಪಿಗೆಂದು ಒಂದು ಚೂರನ್ನೂ ಒಡೆದು ತರಲಾಗದು.

ಕಲ್ಲನ್ನು ಬಲ್ಲ ಅತಿಥಿಗೆ ನೀರು ತಿಳಿಯದು. ಕೆರೆ, ಬಾವಿಯಲ್ಲಿ ಈಜು ಕಲಿತವನ ಧೈರ್ಯ ಇಲ್ಲಿ ನಡೆಯದು. ಪಾಚಿ ಹಿಡಿದ ಬಂಡೆ ಜಾರುವುದು; ಶಾಂತವಾಗಿ ಕಂಡ ಅಂಚಿಗೆ ಒಮ್ಮೆಲೇ ದೊಡ್ಡ ಅಲೆ ಬಂದು ಬಡಿಯುವುದು. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ವಿದ್ಯಾರ್ಥಿಗಳು ಇಲ್ಲಿಯೇ ನೀರುಪಾಲಾದರು. ಫೋಟೊಗಾಗಿ ತುದಿಯ ಬಂಡೆಗೆ ಹೊರಟ ಮಕ್ಕಳ ಕೈ ಹಿಡಿದು ನಿಲ್ಲಿಸುವುದು ಕಡಲೂರಿನ ಗೆಳೆಯನ ಕೆಲಸ. ಅತಿಥಿ ಬೇಸರಪಟ್ಟರೂ ಸರಿಯೇ.

ಮಳೆಗಾಲದಲ್ಲಿ ಪ್ರವಾಸಿ ದೋಣಿಗಳು ನಿಲ್ಲುತ್ತವೆ; ದೀಪಾವಳಿಯ ರಜೆ ಒಳ್ಳೆಯ ಸಮಯ. ದ್ವೀಪದಲ್ಲಿ ರಾತ್ರಿ ತಂಗುವಂತಿಲ್ಲ, ಸಂಜೆಯೊಳಗೆ ಮಲ್ಪೆಗೆ ಮರಳಬೇಕು.